ಬಾಟಲಿ ಕತ್ತರಿಸಿ ಕಿಟಕಿಗೆ ಕೂರಿಸಿದರೆ ಮನೆ ತಂಪಾಗುತ್ತದೆಯೇ? ಉತ್ತರ ಗಾಳಿ ಸುರಂಗದ ಬಾಯಲ್ಲಿದೆ

ಬೇಸಗೆ ಶುರುವಾಯಿತೆಂದರೆ ವಾಟ್ಸಾಪ್ ಗುಂಪುಗಳಿಗೆ ಒಂದು ವಿಡಿಯೊ ಮರಳಿ ಬರುತ್ತದೆ. ಪ್ಲಾಸ್ಟಿಕ್ ಬಾಟಲಿಗಳನ್ನು ನಡುವಿಗೆ ಕತ್ತರಿಸುತ್ತಾರೆ. ಒಂದು ರಟ್ಟಿಗೆ ಸಾಲಾಗಿ ತೂತು ಕೊರೆದು ಬಾಟಲಿಗಳ ಕುತ್ತಿಗೆಯನ್ನು ಅದರಲ್ಲಿ ಸಿಕ್ಕಿಸುತ್ತಾರೆ. ಅಗಲವಾದ ಬಾಯಿ ಹೊರಗೆ, ಕಿರಿದಾದ ಕುತ್ತಿಗೆ ಒಳಗೆ ಬರುವಂತೆ ರಟ್ಟನ್ನು ಕಿಟಕಿಗೆ ಕೂರಿಸುತ್ತಾರೆ. ಕರೆಂಟ್ ಬೇಡ, ಖರ್ಚಿಲ್ಲ, ಕೋಣೆ 5 ಡಿಗ್ರಿ ತಂಪಾಗುತ್ತದೆ ಎಂಬುದು ವಿಡಿಯೊದ ಮಾತು.

ಇದರ ಮೂಲ ಬಾಂಗ್ಲಾದೇಶದಲ್ಲಿದೆ. 2016ರಲ್ಲಿ ಗ್ರೇ ಢಾಕಾ ಎಂಬ ಜಾಹೀರಾತು ಸಂಸ್ಥೆ 'ಇಕೋ ಕೂಲರ್' ಹೆಸರಿನಲ್ಲಿ ಇದನ್ನು ಪ್ರಚಾರ ಮಾಡಿತು. ಅಗಲ ಬಾಯಿಯಿಂದ ಒಳಹೊಕ್ಕ ಗಾಳಿ ಕಿರಿದಾದ ಕುತ್ತಿಗೆಯಲ್ಲಿ ವೇಗ ಪಡೆದು ತಂಪಾಗುತ್ತದೆ ಎಂಬ ವಿವರಣೆಯೂ ಜತೆಗಿತ್ತು. ಕೇಳುವುದಕ್ಕೆ ನಂಬುವಂತೆಯೇ ಇದೆ. ಏಕೆಂದರೆ ಅಗಲದಿಂದ ಕಿರಿದಾಗುವ ಇಂಥದೇ ಬಾಯಿ ವಿಮಾನಗಳ ಮಾದರಿಗಳನ್ನು ಪರೀಕ್ಷಿಸುವ ಗಾಳಿ ಸುರಂಗಗಳಿಗೆ ನಿಜವಾಗಿಯೂ ಇರುತ್ತದೆ. ಹಾಗಾದರೆ ಅಲ್ಲಿ ಆ ಬಾಯಿ ಮಾಡುವ ಕೆಲಸ ಏನು? ಅದೇ ಕೆಲಸವನ್ನು ನಮ್ಮ ಕಿಟಕಿಯ ಬಾಟಲಿ ಮಾಡಬಲ್ಲದೇ?

ಚುಟುಕಾದ ಉತ್ತರ: ಗಾಳಿ ಸುರಂಗದ ಬಾಯಿ ಇರುವುದು ಗಾಳಿಯನ್ನು ತಂಪು ಮಾಡುವುದಕ್ಕಲ್ಲ, ನೇರ ಮಾಡುವುದಕ್ಕೆ. ಬಾಟಲಿಯ ಹಲಗೆ ಈ ಎರಡನ್ನೂ ಮಾಡುವುದಿಲ್ಲ. ಬದಲಿಗೆ ಕಿಟಕಿಯ ಹೆಚ್ಚಿನ ಭಾಗವನ್ನು ಮುಚ್ಚಿ ಸೆಕೆ ಹೆಚ್ಚಿಸುತ್ತದೆ. ಹೇಗೆಂದು ನೋಡೋಣ.

ಗಾಳಿ ಸುರಂಗ ಎಂದರೇನು?

ಪುತ್ತೂರು, ಸುಳ್ಯ, ಕಾಸರಗೋಡು ಕಡೆಯವರಿಗೆ ಸುರಂಗ ಎಂದೊಡನೆ ನೆನಪಾಗುವುದು ಗುಡ್ಡಕ್ಕೆ ಅಡ್ಡ ಕೊರೆದು ನೀರು ತರುವ ಸುರಂಗ. ಇದು ಅದಲ್ಲ. ವಿಂಡ್ ಟನೆಲ್ ಎಂದು ಕರೆಯುವ ಈ ಸುರಂಗ ಒಂದು ದೊಡ್ಡ ಕೊಳವೆ. ಅದರ ನಡುವೆ ವಿಮಾನದ, ರಾಕೆಟ್ಟಿನ, ಸೇತುವೆಯ ಅಥವಾ ಎತ್ತರದ ಕಟ್ಟಡದ ಮಾದರಿಯನ್ನು ನಿಲ್ಲಿಸಿ ಅದರ ಮೇಲೆ ಗಾಳಿ ಹರಿಸುತ್ತಾರೆ. ವಿಮಾನ ಗಾಳಿಯಲ್ಲಿ ಹಾರುವುದಕ್ಕೂ, ನಿಂತ ವಿಮಾನದ ಮೇಲೆ ಅದೇ ವೇಗದ ಗಾಳಿ ಹರಿಯುವುದಕ್ಕೂ ಬಲದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ನೆಲದ ಮೇಲೆಯೇ ಅಳೆದು ನೋಡಬಹುದು.

ಇದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ ಪರೀಕ್ಷಾ ಭಾಗವಿರುವ ಗಾಳಿ ಸುರಂಗವಿದೆ. ಇದು ತೆರೆದ ಬಗೆಯದು, ಎಂದರೆ ಒಂದು ತುದಿಯಿಂದ ಹೊಸ ಗಾಳಿ ಒಳಬಂದು ಇನ್ನೊಂದು ತುದಿಯಿಂದ ಹೊರಹೋಗುತ್ತದೆ. 1951ರಲ್ಲಿ ಅದೇ ಸಂಸ್ಥೆ ಸೇರಿದ ಸತೀಶ್ ಧವನ್ ಅಲ್ಲಿ ಶಬ್ದಕ್ಕಿಂತ ವೇಗದ ಗಾಳಿ ಹರಿಸುವ ಸುರಂಗಗಳನ್ನು ಕಟ್ಟಿಸಿದರು. ಮುಂದೆ ಇಸ್ರೋ ಮುಖ್ಯಸ್ಥರಾದವರು ಇವರೇ. ಎನ್‌ಎಎಲ್ ಎಂದೇ ಹೆಸರಾದ ಬೆಂಗಳೂರಿನ ಇನ್ನೊಂದು ಪ್ರಯೋಗಾಲಯದಲ್ಲಿ 1967ರಿಂದ 1.2 ಮೀಟರ್ ಅಗಲದ ಟ್ರೈಸಾನಿಕ್ ಗಾಳಿ ಸುರಂಗ ಕೆಲಸ ಮಾಡುತ್ತಿದೆ. ತೇಜಸ್ ವಿಮಾನದ ಮತ್ತು ಇಸ್ರೋ ರಾಕೆಟ್ಟುಗಳ ಮಾದರಿಗಳು ಅದರೊಳಗಿನ ಗಾಳಿಗೆ ಮೈಯೊಡ್ಡಿವೆ.

ಜೋರಾದ ಫ್ಯಾನ್ ಇದ್ದರೆ ಸಾಲದೇ?

ಸಾಲದು. ಇದನ್ನು ಮನೆಯಲ್ಲೇ ನೋಡಬಹುದು. ಟೇಬಲ್ ಫ್ಯಾನನ್ನು ಕಡಿಮೆ ವೇಗದಲ್ಲಿ ಓಡಿಸಿ, ಒಂದು ಊದುಬತ್ತಿ ಹಚ್ಚಿ. ಪರದೆ, ಕಾಗದ, ಮಕ್ಕಳು ಹತ್ತಿರ ಇಲ್ಲದಂತೆ ನೋಡಿಕೊಳ್ಳಿ. ಊದುಬತ್ತಿಯನ್ನು ಫ್ಯಾನಿನ ಹಿಂಬದಿಗೆ, ಗಾಳಿ ಒಳಹೋಗುವ ಕಡೆ ಹಿಡಿಯಿರಿ. ಹೊಗೆ ಎಳೆಎಳೆಯಾಗಿ, ಹೆಚ್ಚು ಗಲಿಬಿಲಿಯಿಲ್ಲದೆ ಒಳಗೆ ಸೇರುತ್ತದೆ. ಈಗ ಫ್ಯಾನಿನ ಎದುರಿಗೆ ಹಿಡಿಯಿರಿ. ಹೊಗೆ ಚೂರುಚೂರಾಗಿ, ಸುತ್ತುತ್ತ ಚದುರುತ್ತದೆ.

ಫ್ಯಾನಿನ ಎಲೆಗಳು ಗಾಳಿಯನ್ನು ಮುಂದೆ ತಳ್ಳುವುದರ ಜತೆಗೆ ತಿರುಚುತ್ತವೆ, ಕದಡುತ್ತವೆ. ನಡುವೆ ಮೋಟರ್ ಇರುವ ಕಡೆ ಗಾಳಿ ಕಡಿಮೆ, ಅದರ ಸುತ್ತ ಹೆಚ್ಚು. ಒಣಗಿದ ಒಳ್ಳೆಮೆಣಸನ್ನು ಫ್ಯಾನಿನ ಗಾಳಿಗೆ ಸುರಿದು ಜೊಳ್ಳು ಹಾರಿಸಿದವರಿಗೆ ಇದು ಗೊತ್ತಿರುತ್ತದೆ. ಒಂದು ಕಡೆ ಸುರಿದರೆ ಜೊಳ್ಳು ಚೆನ್ನಾಗಿ ಹಾರುತ್ತದೆ, ಒಂದು ಗೇಣು ಆಚೆ ಸುರಿದರೆ ಅಲ್ಲೇ ಬೀಳುತ್ತದೆ. ಮೆಣಸಿಗೆ ಇಷ್ಟು ಸಾಕು. ವಿಮಾನದ ರೆಕ್ಕೆಯ ಲೆಕ್ಕಕ್ಕೆ ಸಾಲದು.

ಆದ್ದರಿಂದಲೇ ತೆರೆದ ಬಗೆಯ ಅನೇಕ ಗಾಳಿ ಸುರಂಗಗಳಲ್ಲಿ ಫ್ಯಾನ್ ಇರುವುದು ಬಾಯಲ್ಲಿ ಅಲ್ಲ, ಬಾಲದಲ್ಲಿ. ಅದು ಗಾಳಿಯನ್ನು ಮಾದರಿಯ ಮೇಲೆ ಊದುವುದಿಲ್ಲ, ಮಾದರಿಯ ಮೇಲಿನಿಂದ ತನ್ನ ಕಡೆಗೆ ಎಳೆಯುತ್ತದೆ.

ಗಾಳಿ ಕೆಟ್ಟರೆ ಲೆಕ್ಕ ಕೆಡುತ್ತದೆ

ರೈಟ್ ಸಹೋದರರು 1901ರಲ್ಲಿ ಅಮೆರಿಕದ ಡೇಟನ್‌ನ ತಮ್ಮ ಸೈಕಲ್ ಅಂಗಡಿಯಲ್ಲಿ ಆರಡಿ ಉದ್ದದ ಮರದ ಪೆಟ್ಟಿಗೆಯನ್ನೇ ಗಾಳಿ ಸುರಂಗವಾಗಿ ಮಾಡಿಕೊಂಡಿದ್ದರು. ಅವರ ಫ್ಯಾನ್ ಬಾಯಲ್ಲೇ ಇತ್ತು. ತಿರುಚಿದ ಗಾಳಿಯನ್ನು ನೇರ ಮಾಡಲು ಫ್ಯಾನಿನ ಮುಂದೆ ಗೂಡುಗೂಡಾದ ಚೌಕಟ್ಟು ಇಟ್ಟರು. ಗಾಳಿ ನಂಬುವಂತೆ ನೇರವಾಗಲು ಅವರಿಗೆ ಸುಮಾರು ಒಂದು ತಿಂಗಳು ಹಿಡಿಯಿತು. ಅಳತೆ ಶುರುವಾದ ಮೇಲೆ ಕೋಣೆಯ ದೊಡ್ಡ ವಸ್ತುಗಳನ್ನು ಕದಲಿಸುವಂತಿರಲಿಲ್ಲ. ಅಳೆಯುವವರು ನಿಲ್ಲುವ ಜಾಗವೂ ಪ್ರತಿ ಸಲ ಒಂದೇ ಇರಬೇಕಿತ್ತು. ಪೆಟ್ಟಿಗೆಯ ಹೊರಗೆ ಆಗುವ ಸಣ್ಣ ಬದಲಾವಣೆಯೂ ಒಳಗಿನ ಗಾಳಿಯನ್ನು ಕದಡುತ್ತಿತ್ತು.

ಇನ್ನೊಂದು ಘಟನೆ 1910ರ ದಶಕದ ಆರಂಭದ್ದು. ಪ್ಯಾರಿಸ್‌ನಲ್ಲಿ ಗುಸ್ತಾವ್ ಐಫೆಲ್, ಅದೇ ಗೋಪುರದ ಐಫೆಲ್, ಗೋಳದ ಮೇಲೆ ಗಾಳಿ ಒಡ್ಡುವ ತಡೆಯನ್ನು ಅಳೆದರು. ಜರ್ಮನಿಯ ಗಾಟಿಂಗೆನ್‌ನಲ್ಲೂ ಅಳೆದರು. ಐಫೆಲ್‌ಗೆ ಸಿಕ್ಕ ಅಂಕಿ ಜರ್ಮನಿಯ ಅಂಕಿಯ ಅರ್ಧಕ್ಕಿಂತಲೂ ಕಡಿಮೆ. ಒಬ್ಬರು ತಪ್ಪಿದ್ದಾರೆ ಎಂದೇ ಮೊದಲು ಅನಿಸಿತು. ಆದರೆ ಇಬ್ಬರೂ ತಪ್ಪಿರಲಿಲ್ಲ. ಗೋಳದ ಮೈಗೆ ಅಂಟಿಕೊಂಡು ಹರಿಯುವ ತೆಳುವಾದ ಗಾಳಿಪದರ ಶಾಂತವಾಗಿದ್ದರೆ ತಡೆ ಹೆಚ್ಚು, ಕದಡಿದ್ದರೆ ತಡೆ ಕಡಿಮೆ ಎಂದು 1914ರಲ್ಲಿ ಲುಡ್ವಿಗ್ ಪ್ರಾಂಟ್ಲ್ ತೋರಿಸಿದರು. ಗೋಳದ ಮೇಲೆ ತೆಳುವಾದ ತಂತಿಯ ಬಳೆ ತೊಡಿಸಿ ಆ ಪದರವನ್ನು ಬೇಕೆಂದೇ ಕದಡಿದಾಗ ತಡೆ ಇಳಿಯಿತು. ಗಾಲ್ಫ್ ಚೆಂಡಿನ ಮೇಲಿನ ಕುಳಿಗಳು ಮಾಡುವುದೂ ಇದನ್ನೇ.

ಆ ಪದರ ಕದಡಲು ವೇಗ ಹೆಚ್ಚಾದರೂ ಸಾಕು, ಬರುವ ಗಾಳಿಯೇ ಮೊದಲು ಕದಡಿದ್ದರೂ ಸಾಕು. ಎಂದರೆ ಸುರಂಗದ ಬಾಯಲ್ಲಿ ಗಾಳಿ ಕೆಟ್ಟರೆ ಒಳಗಿನ ಯಂತ್ರಗಳು ಎಷ್ಟೇ ನಿಖರವಾಗಿದ್ದರೂ ಬರುವ ಅಂಕಿ ಬೇರೆಯೇ. ಆ ಅಂಕಿ ನಂಬಿ ಕಟ್ಟಿದ ವಿಮಾನದಲ್ಲಿ ಕೂರುವವರು ಮನುಷ್ಯರು.

ಗಾಳಿಯನ್ನು ನೇರ ಮಾಡುವ ಮೂರು ಹೆಜ್ಜೆ

ಮೊದಲನೆಯದು ಜೇನುಗೂಡು. ಜೇನಿನ ತಟ್ಟಿಯಂತೆ ಸಾವಿರಾರು ಸಣ್ಣ ಕೊಳವೆಗಳನ್ನು ಒತ್ತಾಗಿ ಜೋಡಿಸಿದ ಚೌಕಟ್ಟು ಇದು. ಸುತ್ತುತ್ತ, ಅಡ್ಡಡ್ಡ ಬರುವ ಗಾಳಿ ಈ ಕೊಳವೆಗಳ ಗೋಡೆಗೆ ತಾಗಿ ನೇರವಾಗುತ್ತದೆ. ಕೊಳವೆಯ ಉದ್ದ ಅದರ ಅಗಲದ 6ರಿಂದ 8 ಪಟ್ಟು ಇರಬೇಕು ಎಂಬುದು ಸಣ್ಣ ಗಾಳಿ ಸುರಂಗ ಕಟ್ಟುವವರು ಪಾಲಿಸುವ ನಿಯಮ. ರವೀಂದ್ರ ಮೆಹ್ತಾ ಮತ್ತು ಪೀಟರ್ ಬ್ರ್ಯಾಡ್‌ಶಾ 1979ರಲ್ಲಿ ಇಂಥ ನಿಯಮಗಳನ್ನೆಲ್ಲ ಒಂದೆಡೆ ಬರೆದಿಟ್ಟರು. ಕ್ರಿಕೆಟ್ ಚೆಂಡು ಏಕೆ ಸ್ವಿಂಗ್ ಆಗುತ್ತದೆ ಎಂದು ವಿವರಿಸಿದ ಮೆಹ್ತಾ ಇವರೇ.

ಎರಡನೆಯದು ಜಾಲರಿ. ನಮ್ಮ ಕಿಟಕಿಯ ಸೊಳ್ಳೆ ಜಾಲರಿಯಂಥದೇ ತೆಳುವಾದ ತಂತಿಯ ಬಲೆಗಳನ್ನು ಒಂದರ ಹಿಂದೆ ಒಂದು, ನಡುವೆ ಜಾಗ ಬಿಟ್ಟು ಕಟ್ಟುತ್ತಾರೆ. ಜಾಲರಿ ಒಡ್ಡುವ ತಡೆ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟು. ಹಾಗಾಗಿ ಅವಸರದಲ್ಲಿ ಬರುವ ಗಾಳಿಗೆ ಹೆಚ್ಚು ತಡೆ, ನಿಧಾನದ ಗಾಳಿಗೆ ಕಡಿಮೆ ತಡೆ. ಜಾಲರಿ ದಾಟುವಷ್ಟರಲ್ಲಿ ಎರಡೂ ಹತ್ತಿರಹತ್ತಿರ ಒಂದೇ ವೇಗಕ್ಕೆ ಬರುತ್ತವೆ. ಹಾಗೆಂದು ಬಲೆ ತೀರಾ ಒತ್ತಾಗಿರಬಾರದು. ಜಾಲರಿಯ ಒಟ್ಟು ಜಾಗದಲ್ಲಿ ತೆರೆದ ಭಾಗ ಸುಮಾರು 57 ಶೇಕಡಕ್ಕಿಂತ ಕಡಿಮೆಯಾದರೆ ತೂತುಗಳಿಂದ ಚಿಮ್ಮುವ ಗಾಳಿಯ ಎಳೆಗಳು ಒಂದಕ್ಕೊಂದು ಸೇರಿ ಹೊಸ ಗಲಿಬಿಲಿ ಹುಟ್ಟಿಸುತ್ತವೆ.

ಮೂರನೆಯದು ಕಿರಿದಾಗುವ ಬಾಯಿ. ನಮ್ಮ ಬಾಟಲಿಗೂ ಗಾಳಿ ಸುರಂಗಕ್ಕೂ ಹೋಲಿಕೆ ಕಾಣುವುದು ಇಲ್ಲಿ. ಸಣ್ಣ ಸುರಂಗಗಳಲ್ಲಿ ಬಾಯಿಯ ವಿಸ್ತೀರ್ಣ ಪರೀಕ್ಷಾ ಭಾಗದ 6ರಿಂದ 9 ಪಟ್ಟು ಇರುತ್ತದೆ. ಒಂದು ಲೆಕ್ಕ ನೋಡಿ. 9 ಪಟ್ಟು ಕಿರಿದಾಗುವ ಬಾಯಿಗೆ ಗಾಳಿ ಒಂದು ಕಡೆ ಸೆಕೆಂಡಿಗೆ 3 ಮೀಟರ್, ಇನ್ನೊಂದು ಕಡೆ 3.3 ಮೀಟರ್ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ. ವ್ಯತ್ಯಾಸ 10 ಶೇಕಡ. ಕಿರಿದಾದ ಕಡೆ ದಾಟುವಾಗ ಒಂದರ ವೇಗ ಸುಮಾರು 27 ಮೀಟರ್, ಇನ್ನೊಂದರದ್ದು 27.04 ಮೀಟರ್. ವ್ಯತ್ಯಾಸ 0.13 ಶೇಕಡದಷ್ಟು. ಎರಡೂ ಎಳೆಗಳಿಗೆ ಒತ್ತಡದಿಂದ ಸಿಕ್ಕ ಶಕ್ತಿ ಒಂದೇ. ಹೊಸದಾಗಿ ಸಿಕ್ಕ ಆ ಶಕ್ತಿಯ ಮುಂದೆ ಹಳೆಯ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು ಸಣ್ಣದಾಗುತ್ತದೆ.

ಹೀಗೆ ಮೂರೂ ದಾಟಿದ ಒಳ್ಳೆಯ ಸುರಂಗದಲ್ಲಿ ಗಾಳಿಯ ಏರಿಳಿತ 0.1 ಶೇಕಡಕ್ಕಿಂತ ಕಡಿಮೆ. ಸೆಕೆಂಡಿಗೆ 30 ಮೀಟರ್ ಓಡುವ ಗಾಳಿ ಬರೀ 3 ಸೆಂಟಿಮೀಟರ್‌ನಷ್ಟು ಹೆಚ್ಚುಕಡಿಮೆಯಾಗುತ್ತದೆ.

ಹಾಗಾದರೆ ಬಾಟಲಿಯ ಕುತ್ತಿಗೆಯಲ್ಲೂ ವೇಗ ಹೆಚ್ಚಬೇಕಲ್ಲವೇ?

ಗಾಳಿ ಸುರಂಗದಲ್ಲಿ ವೇಗ ಹೆಚ್ಚುವುದು ಬಾಲದಲ್ಲಿರುವ ಫ್ಯಾನ್ ಎಳೆಯುವುದರಿಂದ. ಕಿಟಕಿಯಲ್ಲಿ ಎಳೆಯುವವರು ಯಾರೂ ಇಲ್ಲ. ತಳ್ಳುವುದಕ್ಕಿರುವುದು ಹೊರಗಿನ ತಂಗಾಳಿ ಮಾತ್ರ. ಸೆಕೆಂಡಿಗೆ 1 ಮೀಟರ್ ವೇಗದ ತಂಗಾಳಿ ಗೋಡೆಯ ಮೇಲೆ ಹಾಕುವ ಒತ್ತಡ ಸುಮಾರು 0.6 ಪಾಸ್ಕಲ್. ಮೇಜಿನ ಮೇಲೆ ಮಲಗಿದ ಒಂದು ಜೆರಾಕ್ಸ್ ಹಾಳೆ ಮೇಜನ್ನು ಒತ್ತುವುದು ಇದಕ್ಕಿಂತ ತುಸು ಹೆಚ್ಚು. ಬಾಟಲಿಯ ಕುತ್ತಿಗೆಯಲ್ಲಿ ವೇಗ 10 ಪಟ್ಟು ಆಗಬೇಕಾದರೆ ಒತ್ತಡ 100 ಪಟ್ಟು ಬೇಕು. ಅದು ಇಲ್ಲದ್ದರಿಂದ ಹೆಚ್ಚಿನ ಗಾಳಿ ಬಾಟಲಿಯ ಬಾಯಿಗೆ ಬಂದು, ಒಳಗೆ ನುಗ್ಗಲಾಗದೆ ಬದಿಗೆ ಸರಿದುಹೋಗುತ್ತದೆ. ತೋಡಿನ ನೀರು ಕಲ್ಲನ್ನು ಬಳಸಿಕೊಂಡು ಹೋಗುವ ಹಾಗೆ.

ಸರಿ, ಹೇಗೋ ವೇಗ ಸೆಕೆಂಡಿಗೆ 10 ಮೀಟರ್ ಆಯಿತೆಂದೇ ಇಟ್ಟುಕೊಳ್ಳೋಣ. ಆಗ ಗಾಳಿಯ ಉಷ್ಣಾಂಶ ಇಳಿಯುವುದು ಬರೀ 0.05 ಡಿಗ್ರಿ. ವಿಡಿಯೊ ಹೇಳುವ 5 ಡಿಗ್ರಿ ಇಳಿಯಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 100 ಮೀಟರ್, ಎಂದರೆ ಗಂಟೆಗೆ 360 ಕಿ.ಮೀ. ವೇಗದಲ್ಲಿ ನುಗ್ಗಬೇಕು. ಗಂಟೆಗೆ 221 ಕಿ.ಮೀ. ದಾಟಿದ ಚಂಡಮಾರುತವನ್ನೇ ನಮ್ಮ ಹವಾಮಾನ ಇಲಾಖೆ ಸೂಪರ್ ಸೈಕ್ಲೋನ್ ಎನ್ನುತ್ತದೆ. ಕಿಟಕಿಯಲ್ಲಿ ಅಂಥ ಗಾಳಿ ಬಂದರೆ ಸೆಕೆಯ ಚಿಂತೆ ಇರುವುದಿಲ್ಲ, ಹಂಚಿನ ಚಿಂತೆ ಇರುತ್ತದೆ.

ವೇಗ ಪಡೆದ ಗಾಳಿ ತಂಪಾಗುತ್ತದೆ ಎಂಬ ಮಾತಿನಲ್ಲಿ ಸತ್ಯದ ಒಂದು ಎಳೆ ಇದೆ ನಿಜ. ಶಬ್ದದ ಎರಡು ಪಟ್ಟು ವೇಗದ ಸುರಂಗದಲ್ಲಿ 27 ಡಿಗ್ರಿಯ ಗಾಳಿ ಹರಿಯುವಾಗ ಶೂನ್ಯಕ್ಕಿಂತ 106 ಡಿಗ್ರಿ ಕೆಳಗೆ ಇಳಿಯುತ್ತದೆ. ಅದರಲ್ಲಿ ತೇವ ಇದ್ದರೆ ಹನಿಗಟ್ಟಿ ಅಳತೆ ಕೆಡುತ್ತದೆ. ಅದಕ್ಕೇ ಅಂಥ ಸುರಂಗಗಳಿಗೆ ಬಿಡುವ ಗಾಳಿಯನ್ನು ಮೊದಲೇ ಒಣಗಿಸುತ್ತಾರೆ. ಆದರೆ ಓಡುವ ಗಾಳಿ ಒಂದು ಗೋಡೆಗೋ ನಮ್ಮ ಮೈಗೋ ತಾಗಿ ನಿಂತೊಡನೆ ಕಳೆದುಕೊಂಡ ಬಿಸಿಯ ಹೆಚ್ಚಿನ ಪಾಲು ಮರಳಿ ಬರುತ್ತದೆ. ಬಾಟಲಿಯಿಂದ ಬಂದ ಗಾಳಿಯೂ ಕೋಣೆಯಲ್ಲಿ ನಿಧಾನವಾದಾಗ ಆ 0.05 ಡಿಗ್ರಿಯೂ ಉಳಿಯುವುದಿಲ್ಲ.

'ತುಟಿ ಚೂಪು ಮಾಡಿ ಊದಿ ನೋಡಿ, ತಂಪಾಗುತ್ತದೆ'

ಬಾಟಲಿಯ ಪರವಾಗಿ ಹೇಳುವ ಸಾಕ್ಷಿ ಇದು. ಬಾಯಿ ಅಗಲ ಮಾಡಿ 'ಹಾ' ಎಂದರೆ ಅಂಗೈಗೆ ಬಿಸಿ, ತುಟಿ ಚೂಪು ಮಾಡಿ 'ಫೂ' ಎಂದರೆ ತಂಪು. ಅನುಭವ ನಿಜ, ಕಾರಣ ಬೇರೆ. ವೇಗದ ಸಣ್ಣ ಉಸಿರು ದಾರಿಯಲ್ಲಿ ಕೋಣೆಯ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ. ಅಂಗೈ ಮುಟ್ಟುವಾಗ ಅದರಲ್ಲಿ ನಿಮ್ಮ ಬಿಸಿಯುಸಿರಿಗಿಂತ ಕೋಣೆಯ ಗಾಳಿಯೇ ಹೆಚ್ಚು. ಜತೆಗೆ ಅಂಗೈಯ ಬೆವರು ಬೇಗ ಆರುತ್ತದೆ. ಈಗ ಅಂಗೈಯನ್ನು ತುಟಿಗೆ ತೀರಾ ಹತ್ತಿರ ತಂದು ಮತ್ತೆ ಊದಿ. ತಂಪು ಕಡಿಮೆಯಾಗುತ್ತದೆ.

ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ಇದ್ದರೆ ಇನ್ನೊಂದು ಪರೀಕ್ಷೆ. ಒಣ ಥರ್ಮಾಮೀಟರನ್ನು ಫ್ಯಾನಿನ ಎದುರು ಇಡಿ. ಕೋಣೆಯ ಉಷ್ಣಾಂಶವನ್ನೇ ತೋರಿಸುತ್ತದೆ, ಇಳಿಯುವುದಿಲ್ಲ. ಅದರ ತುದಿಗೆ ಒದ್ದೆ ಬಟ್ಟೆ ಸುತ್ತಿದರೆ ಇಳಿಯುತ್ತದೆ. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಒದ್ದೆಯನ್ನು ಆರಿಸುತ್ತದೆ. ನಮ್ಮ ಮೈ ಬೆವರಿನಿಂದ ಒದ್ದೆಯಾಗಿರುವುದರಿಂದ ನಮಗೆ ತಂಪು ಅನಿಸುತ್ತದೆ. ಅಡಿಕೆ ಹಾಳೆಯ ಬೀಸಣಿಗೆ ಮಾಡುವುದೂ ಅಷ್ಟೇ.

ಆಲಂಕಾರಿನ ಸೆಕೆಗೆ ಏನು ಮಾಡಬೇಕು?

ಕಡಬ ತಾಲೂಕಿನ ಆಲಂಕಾರಿನಂಥ ಊರುಗಳಲ್ಲಿ ಏಪ್ರಿಲ್, ಮೇ ತಿಂಗಳ ಕಷ್ಟ ಬರೀ ಬಿಸಿಲಿನದ್ದಲ್ಲ. ಸುತ್ತ ಅಡಿಕೆ ತೋಟ, ಹತ್ತಿರದಲ್ಲೇ ಕುಮಾರಧಾರಾ, ಗಾಳಿಯಲ್ಲಿ ತೇವ. ಬೆವರು ಬರುತ್ತದೆ, ಆರುವುದಿಲ್ಲ. ಇಂಥ ಕಡೆ ಮೈಮೇಲೆ ಗಾಳಿ ಆಡುವುದೇ ದೊಡ್ಡ ಆಸರೆ. ಅಂಥ ಹೊತ್ತಿನಲ್ಲಿ ಕಿಟಕಿಗೆ ಬಾಟಲಿಯ ಹಲಗೆ ಬಡಿದರೆ ಏನಾಗುತ್ತದೆ? ಬಾಟಲಿಯ ಹೊಟ್ಟೆ 7 ಸೆಂ.ಮೀ., ಕುತ್ತಿಗೆ 2.2 ಸೆಂ.ಮೀ. ಅಗಲ ಎಂದರೂ ಗಾಳಿ ಬರುವ ಜಾಗ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉಳಿದ ಒಂಬತ್ತು ಪಾಲು ರಟ್ಟು ಮತ್ತು ಪ್ಲಾಸ್ಟಿಕ್. ಅಂಥ ಕೋಣೆಯಲ್ಲಿ ಮಲಗುವವರು ಹಾಸಿಗೆ ಹಿಡಿದ ಅಜ್ಜಿಯೋ ಎಳೆ ಮಗುವೋ ಆಗಿದ್ದರೆ ಇದು ತಮಾಷೆಯ ಪ್ರಯೋಗವಲ್ಲ.

ಅದರ ಬದಲು ಹೀಗೆ ಮಾಡಬಹುದು:

ಎದುರುಬದುರು ಕಿಟಕಿ ಬಾಗಿಲು ತೆರೆಯಿರಿ. ಗಾಳಿ ಒಳಬರಲು ಹೊರಹೋಗುವ ದಾರಿಯೂ ಬೇಕು. ಒಂದೇ ಕಿಟಕಿ ತೆರೆದರೆ ಗಾಳಿ ಹೊಸ್ತಿಲಲ್ಲೇ ನಿಲ್ಲುತ್ತದೆ.

ಸೊಳ್ಳೆ ಜಾಲರಿ ತೊಳೆಯಿರಿ. ಗಾಳಿ ಸುರಂಗದ ಜಾಲರಿಯ ಪಾಠ ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. ಜಾಲರಿ ಗಾಳಿಯನ್ನು ತಡೆಯುತ್ತದೆ, ತೂತುಗಳಿಗೆ ಧೂಳು ಕಟ್ಟಿದರೆ ಇನ್ನಷ್ಟು ತಡೆಯುತ್ತದೆ. ಹಾಗೆಂದು ಅದನ್ನು ತೆಗೆಯಬೇಡಿ, ಡೆಂಗಿ ಇರುವ ಊರು ನಮ್ಮದು.

ರಾತ್ರಿ ಹೊರಗಿನ ಗಾಳಿ ತಂಪಾದ ಮೇಲೆ ಫ್ಯಾನನ್ನು ಕಿಟಕಿಯ ಹತ್ತಿರ ಹೊರಮುಖವಾಗಿ ಇಡಿ. ಅದು ಒಳಗಿನ ಬಿಸಿಗಾಳಿಯನ್ನು ಹೊರಹಾಕಿದಂತೆ ಇನ್ನೊಂದು ಕಿಟಕಿಯಿಂದ ತಂಪು ಗಾಳಿ ಬರುತ್ತದೆ. ಬಾಲದಲ್ಲಿ ಫ್ಯಾನ್ ಇಟ್ಟ ಗಾಳಿ ಸುರಂಗದ ಉಪಾಯ ಇದು.

ಉಷ್ಣಾಂಶ 40 ಡಿಗ್ರಿಗಿಂತ ಕಡಿಮೆ ಇದ್ದಾಗ ಮಾತ್ರ ಫ್ಯಾನ್ ನಂಬಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಿಂತ ಹೆಚ್ಚಾದರೆ ಬಿಸಿಗಾಳಿ ಮೈಯನ್ನು ಇನ್ನಷ್ಟು ಕಾಯಿಸುತ್ತದೆ. ಸೆಕೆಯಲ್ಲಿ ಯಾರಿಗಾದರೂ ಮೈ ಸುಡುತ್ತಿದ್ದು ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ನೆರಳಿಗೆ ತಂದು, ಮೈಗೆ ನೀರು ಸುರಿದು ಗಾಳಿ ಹಾಕುತ್ತ 108ಕ್ಕೆ ಕರೆ ಮಾಡಿ.

ಬಾಟಲಿಗಳನ್ನು ಏನು ಮಾಡುವುದು?

ಮಕ್ಕಳಿರುವ ಮನೆಯಾದರೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಪುಟ್ಟ ಗಾಳಿ ಸುರಂಗವನ್ನೇ ಮಾಡಿಸಿ. ಉದ್ದನೆಯ ರಟ್ಟಿನ ಪೆಟ್ಟಿಗೆ, ಒಂದು ಬದಿಗೆ ಪಾರದರ್ಶಕ ಹಾಳೆ. ಬಾಯಿಗೆ ಜ್ಯೂಸ್ ಕುಡಿಯುವ ಸ್ಟ್ರಾಗಳನ್ನು ತುಂಡು ಮಾಡಿ ಒತ್ತಾಗಿ ಜೋಡಿಸಿ. ಸ್ಟ್ರಾ 6 ಮಿ.ಮೀ. ಅಗಲ ಇದ್ದರೆ ತುಂಡು 4ರಿಂದ 5 ಸೆಂ.ಮೀ. ಉದ್ದ ಇರಲಿ. ಅದರ ಹಿಂದೆ ಸೊಳ್ಳೆ ಜಾಲರಿಯ ಒಂದು ತುಂಡು. ಫ್ಯಾನ್ ಬಾಲದಲ್ಲಿ, ಗಾಳಿಯನ್ನು ಹೊರಗೆಳೆಯುವಂತೆ. ಬಾಯಲ್ಲಿ ಊದುಬತ್ತಿ ಹಿಡಿಯುವ ಕೆಲಸ ದೊಡ್ಡವರಿಗಿರಲಿ. ಮೊದಲು ಸ್ಟ್ರಾ ಇಲ್ಲದೆ, ಆಮೇಲೆ ಸ್ಟ್ರಾ ಇಟ್ಟು ಹೊಗೆಯನ್ನು ಹೋಲಿಸಲಿ. ಬಾಟಲಿಯ ಹಲಗೆಯನ್ನೂ ಒಂದು ಸಲ ಬಾಯಿಗಿಟ್ಟು, ಒಳಗಿನ ಮತ್ತು ಹೊರಗಿನ ಉಷ್ಣಾಂಶ ಅಳೆದು ಬರೆದುಕೊಳ್ಳಲಿ.

ನಮ್ಮ ತೀರ್ಮಾನ

ಕತ್ತರಿಸಿದ ಬಾಟಲಿಗಳ ಹಲಗೆ ಕೋಣೆಯನ್ನು 5 ಡಿಗ್ರಿ ತಂಪು ಮಾಡುತ್ತದೆ ಎಂಬುದು ಸುಳ್ಳು. ಕಿರಿದಾಗುವ ಬಾಯಿಯಲ್ಲಿ ಗಾಳಿ ವೇಗ ಪಡೆಯುತ್ತದೆ ಎಂಬುದು ಗಾಳಿ ಸುರಂಗದ ಮಟ್ಟಿಗೆ ನಿಜ, ಆದರೆ ಅಲ್ಲಿ ಎಳೆಯಲು ಫ್ಯಾನ್ ಇದೆ. ಆ ಬಾಯಿಯ ಗುರಿಯೂ ತಂಪಲ್ಲ, ಸಮನಾದ ಗಾಳಿ. ಈ ವಿಡಿಯೊ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಗಂಟೆಗೆ 360 ಕಿ.ಮೀ.ಯ ಲೆಕ್ಕ ಹೇಳಿ. ಹಲಗೆ ಈಗಾಗಲೇ ಕಿಟಕಿಗೆ ಹತ್ತಿದ್ದರೆ ಇವತ್ತೇ ಇಳಿಸಲು ಹೇಳಿ.